ಮಾದಿ ಬಿಡದ ಬೆಳ್ಳಿ

ಕೋತಗಿರಿಯ ಕೆಳಗಿನ ನಮ್ಮ ಹಟ್ಟಿಯಲ್ಲಿ ಮಾದಿಗೆ ಹೆದರದವರಿರಲಿಲ್ಲ. ಗಂಡ ಸತ್ತ, ಮಕ್ಕಳಿಲ್ಲದ ಹೆಂಗಸು. ಒಬ್ಬಳೇ ಅಗೆದು ಆಲೂಗಡ್ಡೆ ಬೆಳೆಯುತ್ತಿದ್ದಳು. ೧೯೧೧ರಲ್ಲಿ ಅವಳ ಗುದ್ದಲಿಗೆ ಬೆಳ್ಳಿ ನಾಣ್ಯಗಳ ಮಡಕೆಯೊಂದು ಸಿಕ್ಕಿತು. ಭೋಜ ಗೌಡರು, ನಮ್ಮ ಊರ ಯಜಮಾನರು, ಕಾನೂನಿಗೆ ಹೆದರಿ ಅದನ್ನು ಸರ್ಕಾರಿ ಕಚೇರಿಗೆ ಹೊರಿಸಿದರು. ಅಷ್ಟರಲ್ಲಿ ಮಾದಿ ಒಂದು ನಾಣ್ಯವನ್ನು ಎತ್ತಿಟ್ಟುಕೊಂಡಿದ್ದಳು.

ದುರಾಸೆಯಿಂದಲ್ಲ. ನಮ್ಮಲ್ಲಿ ಸಾಯುವವರಿಗೆ ಬೆಣ್ಣೆ ಸವರಿದ ನಾಣ್ಯವೊಂದನ್ನು ನುಂಗಿಸುತ್ತಾರೆ. ಆ ಲೋಕದ ದಾರಿಗೆ ಅದೇ ಬುತ್ತಿ. ಮಗ ಹಾಕುವುದು ರೂಢಿ, ಹಾಕಿದವನಿಗೇ ಆಸ್ತಿ. ಮಾದಿಗಿದ್ದವನು ಮೈದುನ ಜೋಗಿ, ಅವಳ ಹೊಲದ ಮೇಲೆ ಕಣ್ಣಿಟ್ಟವನು. ಬರಿಬಾಯಲ್ಲಿ ಹೋಗಬೇಕಲ್ಲ ಎಂಬುದೊಂದೇ ಅವಳಿಗಿದ್ದ ಭಯ.

ನಾಣ್ಯದ ಒಂದು ಬದಿಯಲ್ಲಿ ಎಲೆಮಾಲೆ ಮುಡಿದ ಗಂಡಿನ ಮುಖ. ಯಾರೋ ಎಂದೋ ಅದರ ಕೆನ್ನೆಗೆ ಉಳಿಯಿಂದ ಗೀರಿದ್ದರು. ಒಳ್ಳೆಯ ಕೆಲಸವನ್ನೇ ಮಾಡಿದ್ದರು ಎಂದು ಮಾದಿಯ ಅಭಿಪ್ರಾಯ. ಇನ್ನೊಂದು ಬದಿಯಲ್ಲಿ ಪೀಠದ ಮೇಲೆ ಒಬ್ಬಳೇ ಹೆಂಗಸು, ಒಂದು ಕೈಯಲ್ಲಿ ಉದ್ದ ಕೋಲು, ಇನ್ನೊಂದರಲ್ಲಿ ರೆಂಬೆ. ನಮ್ಮ ಕುಲದ ತಾಯಿ ಹೆತ್ತೆಯೇ ಕೂತಿದ್ದಾಳೆಂದು ಅವಳು ನಂಬಿದಳು.

ಜೋಗಿ ಚಾಡಿ ಹೇಳಿದ. ಕಚೇರಿಯ ಗುಮಾಸ್ತ ರಂಗನಾಥನ್ ಬೆಟ್ಟ ಹತ್ತಿ ಬಂದು ಗೌಡರೊಂದಿಗೆ ಅವಳ ಅಂಗಳದಲ್ಲಿ ನಿಂತ.

"ಅಮ್ಮಾ, ಅದು ರೋಮ್ ರಾಜನ ಕಾಸು. ಕೂತಿರೋದು ಅವನ ತಾಯಿ ಅಂತ ನಮ್ಮ ಕಚೇರಿಯ ಬಿಳಿ ದೊರೆ ಹೇಳ್ತಾರೆ. ಸರ್ಕಾರದ ಸೊತ್ತು, ಕೊಟ್ಟುಬಿಡಿ."

"ಅವನ ಅವ್ವೆಗೆ ಎನ್ನ ಹೊಲದಲಿ ಏನು ಕೆಲಸ? ಇದು ನಂಗ ಕುಲದ ತಾಯಿ ಹೆತ್ತೆ. ನಾ ಕೊಡೆ."

"ತವರಿನದು ಅನ್ನು," ಎಂದು ಗೌಡರು ಪಿಸುಗುಟ್ಟಿದರು.

"ಸುಳ್ಳು ಏಕೆ? ಮಡಕೆದೇ. ನಾನೇ ತೆಗೆದೆ."

ನಾಳೆ ಪೊಲೀಸರು ಬರುತ್ತಾರೆ ಎಂದ ರಂಗನಾಥನ್. ಮಾದಿ ಒಳಗೆ ಹೋಗಿ ಬೆಣ್ಣೆ ತಂದಳು. ಎಲ್ಲರ ಎದುರೇ ನಾಣ್ಯಕ್ಕೆ ಸವರಿ, ಬಾಯಿಗೆ ಹಾಕಿ ನುಂಗಿದಳು. ಕಣ್ಣಲ್ಲಿ ನೀರು ಬಂತು. ಒಂದು ಚೊಂಬು ನೀರು ಕುಡಿದು ಸೆರಗಿನಿಂದ ಬಾಯಿ ಒರೆಸಿಕೊಂಡಳು.

ಗೌಡರು ರಂಗನಾಥನ್ ಕಡೆ ತಿರುಗಿದರು. "ಇನ್ನು ಅದು ಸಾವಿನ ಹಣ, ಸಾಮಿ. ಅದಕ್ಕೆ ಕೈ ಹಾಕಿದರೆ ಹಟ್ಟಿ ಸುಮ್ಮನಿರದು."

"ಈಯಮ್ಮ ಬದುಕಿದ್ದಾರಲ್ಲ?"

"ಬೇಕಾದರೆ ಮೂರು ದಿನ ಇಲ್ಲೇ ಕೂರು," ಎಂದಳು ಮಾದಿ. "ನಾ ಬೇಲಿಯ ಮರೆಗೆ ಹೋಗುವಾಗ ನಿನ್ನ ಕರೆವೆ."

ರಂಗನಾಥನ್ ಬಂದ ದಾರಿಯಲ್ಲೇ ಇಳಿದ. ವರದಿಯಲ್ಲಿ ಏನು ಬರೆದನೋ, ಪೊಲೀಸರಂತೂ ಬರಲಿಲ್ಲ.

ಮಾದಿ ಮತ್ತೆ ಹದಿನೆಂಟು ವರ್ಷ ಅದೇ ಹೊಲ ಅಗೆದಳು. ಕೊನೆಯ ದಿನ ಜೋಗಿ ಊರವರನ್ನೆಲ್ಲ ಸೇರಿಸಿ, ಮಗನ ಜಾಗದಲ್ಲಿ ಕೂತು, ಬೆಣ್ಣೆ ಸವರಿದ ತನ್ನದೊಂದು ನಾಣ್ಯವನ್ನು ಅವಳ ತುಟಿಗೆ ಹಿಡಿದ. ಮಾದಿ ಕಣ್ಣು ತೆರೆದು ಅವನನ್ನೇ ನೋಡಿದಳು. ಬಾಯಿ ಮಾತ್ರ ತೆರೆಯಲಿಲ್ಲ.