ನನ್ನ ಹೆಸರಿನಲ್ಲಿ ಈಜಿದವರು

ಸೆಪ್ಟೆಂಬರಿನ ಮೊದಲ ದಿನ ನಮ್ಮ ಶಾಲೆಗೆ ಮಕ್ಕಳು ಬರುವುದಿಲ್ಲ. ಆ ದಿನ ಟೀಚರುಗಳೇ ಮಕ್ಕಳ ಜಾಗದಲ್ಲಿ ಕೂತು ತರಬೇತಿ ತೆಗೆದುಕೊಳ್ಳುತ್ತೇವೆ. ಆ ವರ್ಷದ ವಿಷಯ ಸಮಯವನ್ನು ಸರಿಯಾಗಿ ಬಳಸುವುದು. ಕಲಿಸಲು ಬಂದ ಮನುಷ್ಯ ನಲವತ್ತು ನಿಮಿಷ ತಡವಾಗಿ ಬಂದ. ಮೊದಲು ಮೋಟರ್‌ವೇಯ ಟ್ರಾಫಿಕ್ಕನ್ನು ಬೈದ, ಆಮೇಲೆ ನಮಗೆ ಹೇಳಿದ: ಮೂರೇ ಮೂರು ಗುರಿ ಇಟ್ಟುಕೊಳ್ಳಿ, ಕಾಗದದ ಮೇಲೆ ಬರೆಯಿರಿ, ದಿನಾ ಕಣ್ಣಿಗೆ ಬೀಳುವ ಕಡೆ ಅಂಟಿಸಿ.

ನಾನು ಮ್ಯಾಂಚೆಸ್ಟರಿನಲ್ಲಿ ಹದಿನಾಲ್ಕು ವರ್ಷದಿಂದ ಗಣಿತ ಕಲಿಸುತ್ತಿದ್ದೇನೆ. ಹೇಳಿದ ಹೋಂವರ್ಕನ್ನು ತಪ್ಪದೆ ಮಾಡುವ ಜಾತಿಯವಳು. ಅಂದೇ ಸಂಜೆ ಸ್ಟಾಕ್‌ಪೋರ್ಟಿನ ನಮ್ಮ ಅಡುಗೆಮನೆಯ ಫ್ರಿಜ್ಜಿನ ಮೇಲೆ ಬಣ್ಣದ ಟೈಮ್‌ಟೇಬಲ್ ಎದ್ದಿತು. ಒಂದು, ತಿದ್ದುವ ನೋಟ್‌ಬುಕ್ಕುಗಳನ್ನು ಮನೆಗೆ ತರುವುದಿಲ್ಲ: ಹಸಿರು. ಎರಡು, ಈಸ್ಟರ್ ಹೊತ್ತಿಗೆ ಇಪ್ಪತ್ತೈದು ಮೀಟರ್ ಈಜಲು ಕಲಿಯುವುದು: ನೀಲಿ. ಮೂರು, ದಿನಾ ಸಂಜೆ ಏಳೂಕಾಲಿನಿಂದ ಏಳೂವರೆ, ಅತ್ತೆಯ ಜೊತೆ ಮಾತು: ಹಳದಿ.

ಆಸ್ಪತ್ರೆಯ ಕೆಲಸ ಮುಗಿಸಿ ಬಂದ ನನ್ನ ಗಂಡ ಅದನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು.

“ಇದರಲ್ಲಿ ನಾನೆಲ್ಲಿ?”

“ನಿಮ್ಮ ಡ್ಯೂಟಿ ರೋಟಾ ಬಂದ ಮೇಲೆ ನೋಡೋಣ” ಎಂದೆ.

ಅತ್ತೆ ಊರಿನಿಂದ ಬಂದು ವಾರವಾಗಿತ್ತು. ಆರು ತಿಂಗಳು ಇರುವವರಿದ್ದರು. ಮಂಗಳೂರಿನ ಕಡೆಯ ಹಳ್ಳಿಯೊಂದರಲ್ಲಿ ಪ್ರೈಮರಿ ಶಾಲೆಯ ಟೀಚರಾಗಿ ನಿವೃತ್ತರಾದವರು. ಮಗನ ಜೊತೆ ತುಳು, ಮೈಸೂರಿನವಳಾದ ನನ್ನ ಜೊತೆ ಕನ್ನಡ. ಹತ್ತು ವರ್ಷದ ಮೊಮ್ಮಗಳ ಜೊತೆಯೂ ಕನ್ನಡವೇ. ಅವಳು ಎಲ್ಲ ಅರ್ಥ ಮಾಡಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು. ಇಬ್ಬರಿಗೂ ಅದರಿಂದ ಯಾವ ತೊಂದರೆಯೂ ಆಗುತ್ತಿರಲಿಲ್ಲ.

ಹಳದಿ ಪಟ್ಟಿಯ ಮುಂದೆ ಅತ್ತೆ ಕನ್ನಡಕ ಹಾಕಿಕೊಂಡು ನಿಂತರು.

“ಹದಿನೈದು ನಿಮಿಷವಾ? ನಮ್ಮ ಶಾಲೆಯಲ್ಲಿ ಉಪ್ಪಿಟ್ಟು ತಿನ್ನಲಿಕ್ಕೆ ಕೂಡ ಅದಕ್ಕಿಂತ ಹೆಚ್ಚು ಕೊಡ್ತಿದ್ದೆವು.”

ಅವರಿಗೆ ಬೇಜಾರಾಯಿತೇನೋ ಎಂದುಕೊಂಡೆ. ಇಲ್ಲ. ಮರುದಿನ ಏಳೂಕಾಲಿಗೆ ಸರಿಯಾಗಿ ಕುರ್ಚಿ ಎಳೆದುಕೊಂಡು ಬಂದು ನನ್ನ ಎದುರು ಕೂತರು. ಗಡಿಯಾರ ನೋಡಿ, ಗಂಟಲು ಸರಿಮಾಡಿಕೊಂಡು ಮಾತು ಶುರು ಮಾಡಿದರು. ಏಳೂವರೆ ಆಗುತ್ತಿದ್ದಂತೆ ಹೇಳುತ್ತಿದ್ದ ವಾಕ್ಯವನ್ನು ಅರ್ಧಕ್ಕೇ ಬಿಟ್ಟು, “ಬೆಲ್ ಆಯ್ತು” ಎಂದು ಎದ್ದು ಹೋದರು.

ಅವರಿಗೆ ಆಟ. ಕಷ್ಟವೆಲ್ಲ ನನಗೆ. ಒಂದು ಸಂಜೆ ಅವರು ಕೆಲಸದ ದಿನಗಳ ಕಥೆ ಎತ್ತಿದರು. ಅವರ ಶಾಲೆ ಹೊಳೆಯ ಆಚೆ ದಡದಲ್ಲಿತ್ತು. ದಿನಾ ದೋಣಿಯಲ್ಲಿ ಹೋಗಿಬರಬೇಕು. ಒಂದು ಆಗಸ್ಟ್ ತಿಂಗಳಲ್ಲಿ ಶಾಲೆ ತಪಾಸಣೆಗೆ ಬಂದ ಇನ್‌ಸ್ಪೆಕ್ಟರೂ ಅದೇ ದೋಣಿ ಹತ್ತಿದರು. “ಹೊಳೆ ತುಂಬಿ ಹೋಗ್ತಾ ಉಂಟು. ನಡುವಿಗೆ ಹೋದದ್ದೇ, ನನ್ನ ಕಾಲಿಗೆ ತಣ್ಣಗೆ ಎಂತದೋ ತಾಗಿತು. ನೋಡುದಾದ್ರೆ ದೋಣಿ ಒಳಗೆ ನೀರು! ಇನ್‌ಸ್ಪೆಕ್ಟರು ಎದ್ದು ನಿಂತರು—”

“ಆಮೇಲೆ?”

“ಬೆಲ್ ಆಯ್ತು.”

ಮರುದಿನ ಕಥೆ ಮುಂದುವರಿಯಲಿಲ್ಲ. ನನಗೆ ಶಾಲೆಯಲ್ಲಿ ಪೇರೆಂಟ್ಸ್ ಈವ್ನಿಂಗ್ ಇತ್ತು. ಅದರ ಮರುದಿನ ಪರೀಕ್ಷೆಯ ಅಂಕ ತುಂಬಬೇಕಿತ್ತು. ಮೂರನೆಯ ದಿನ ಹಸಿರು ಗುರಿ ಕೈಕೊಟ್ಟಿತು. ಎರಡು ಚೀಲ ತುಂಬ ನೋಟ್‌ಬುಕ್ ಮನೆಗೆ ಬಂದವು. ಅವುಗಳಿಗೆ ಊಟದ ಮೇಜಿನ ಮೇಲೆ ಜಾಗ ಮಾಡಲು ಅತ್ತೆಯ ಕುರ್ಚಿಯನ್ನು ಗೋಡೆಯ ಕಡೆ ಸರಿಸಿದೆ. ವಾರದ ಕೊನೆಗೆ ನೋಡಿದರೆ ಹಳದಿ ಚೌಕಗಳಲ್ಲೆಲ್ಲ ದುಂಡಗಿನ ಶಾಲೆಯಕ್ಷರದಲ್ಲಿ ‘ರಜೆ’, ‘ರಜೆ’, ‘ರಜೆ’ ಎಂದು ಬರೆದಿತ್ತು. ನಾನು ನಕ್ಕೆ. ಆ ನಗು ಪೂರ್ತಿ ನಗುವಾಗಿರಲಿಲ್ಲ.

ನೀಲಿಯ ಕಥೆ ಇನ್ನೂ ಕೆಟ್ಟದು. ಶನಿವಾರ ಬೆಳಿಗ್ಗೆ ಮಗಳಿಗೆ ದೊಡ್ಡ ಕೊಳದಲ್ಲಿ ಈಜಿನ ಪಾಠ. ಅದೇ ಹೊತ್ತಿಗೆ ಪಕ್ಕದ ಚಿಕ್ಕ ಕೊಳದಲ್ಲಿ ಹೊಸದಾಗಿ ಕಲಿಯುವ ಹೆಂಗಸರ ಕ್ಲಾಸು. ಅದಕ್ಕೆ ನನ್ನ ಹೆಸರು ಕೊಟ್ಟಾಗಿತ್ತು, ಉಡುಪು ಬಂದಾಗಿತ್ತು. ಆದರೆ ಪ್ರತಿ ಶನಿವಾರ ಅಜ್ಜಿಯನ್ನೂ ಮೊಮ್ಮಗಳನ್ನೂ ಒಳಗೆ ಕಳಿಸಿ, ನಾನು ಕೆಳಗಿನ ಕೆಫೆಯಲ್ಲಿ ನೋಟ್‌ಬುಕ್ಕಿನ ಚೀಲ ಬಿಚ್ಚುತ್ತಿದ್ದೆ. ಇದೊಂದು ಕಟ್ಟು ಮುಗಿಸಿಬಿಡುತ್ತೇನೆ, ಮುಂದಿನ ವಾರ ಖಂಡಿತ. ಅತ್ತೆ ಮೇಲಿನ ಗ್ಯಾಲರಿಯಲ್ಲಿ ಕೂತು ಮೊಮ್ಮಗಳನ್ನು ನೋಡುತ್ತಿದ್ದಾರೆಂದು ನಾನು ತಿಳಿದಿದ್ದೆ. ನವೆಂಬರಿನಲ್ಲೊಮ್ಮೆ ಅವರು ವಾಪಸು ಬಂದಾಗ ಉಣ್ಣೆಯ ಟೋಪಿಯ ಕೆಳಗೆ ಕೂದಲು ಒದ್ದೆಯಾಗಿತ್ತು.

“ತಲೆ ಯಾಕತ್ತೆ ಒದ್ದೆ?”

“ಮಳೆ ಅಲ್ವಾ ಮಾರಾಯ್ತಿ.”

ಇಂಗ್ಲೆಂಡಿನಲ್ಲಿ ಈ ಉತ್ತರವನ್ನು ಯಾರೂ ಪರೀಕ್ಷಿಸಲು ಹೋಗುವುದಿಲ್ಲ. ನಾನು ನೋಟ್‌ಬುಕ್ಕಿನಿಂದ ತಲೆ ಎತ್ತಿ ಕಿಟಕಿಯ ಹೊರಗೆ ನೋಡಿರಲೂ ಇಲ್ಲ.

ಜನವರಿಯ ಒಂದು ಶನಿವಾರ ನನ್ನ ಪೆನ್ನಿನ ಶಾಯಿ ಮುಗಿಯಿತು. ಮಗಳ ಚೀಲದಲ್ಲಿ ಪೆನ್ನು ಇರುತ್ತದೆ, ಚೀಲ ಅತ್ತೆಯ ಹತ್ತಿರ ಇರುತ್ತದೆ ಎಂದು ಗ್ಯಾಲರಿಗೆ ಹೋದೆ. ಚೀಲ ಇತ್ತು, ಅತ್ತೆ ಇರಲಿಲ್ಲ. ಗಾಬರಿಯಾಗಿ ಗಾಜಿಗೆ ಮುಖವಿಟ್ಟು ಕೆಳಗೆ ನೋಡಿದೆ. ಚಿಕ್ಕ ಕೊಳದಲ್ಲಿ ಐದಾರು ಹೆಂಗಸರು. ಅವರ ನಡುವೆ ಉದ್ದ ತೋಳಿನ ಅಂಗಿ, ಲೆಗ್ಗಿಂಗ್ಸು, ಎಲ್ಲದರ ಮೇಲೆ ನನ್ನದೇ ಹೊಸ ಈಜುಡುಪು ತೊಟ್ಟು, ತೇಲುವ ಹಲಗೆ ಹಿಡಿದು ನೀರನ್ನು ಕಾಲಿನಿಂದ ಬಡಿಯುತ್ತಿದ್ದವರು ಅರವತ್ತೊಂಬತ್ತು ವರ್ಷದ ನನ್ನ ಅತ್ತೆ. ಕಲಿಸುವ ಹುಡುಗಿ ದಡದಲ್ಲಿ ನಿಂತು ಚಪ್ಪಾಳೆ ತಟ್ಟುತ್ತ ಅವರನ್ನು ಹುರಿದುಂಬಿಸುತ್ತಿದ್ದಳು. ಹೆಸರು ಹಿಡಿದೇ ಕೂಗುತ್ತಿದ್ದಳು. ಆ ಹೆಸರು ನನ್ನದು.

ಕೆಳಗೆ ಓಡಿದೆ. ಅಷ್ಟು ಹೊತ್ತಿಗೆ ಪಾಠ ಮುಗಿಸಿ ಟವೆಲ್ ಸುತ್ತಿಕೊಂಡು ಬಂದ ಮಗಳು ನನ್ನ ಮುಖ ನೋಡಿದವಳೇ, “ಮಮ್, ಪ್ಲೀಸ್ ಡೋಂಟ್ ಬಿ ಕ್ರಾಸ್” ಎಂದು ಸಿಟ್ಟಾಗದಂತೆ ಬೇಡಿಕೊಂಡಳು. ಎಲ್ಲ ಅವಳೇ ಬಾಯಿಬಿಟ್ಟಳು. ಮೂರನೆಯ ವಾರವೂ ನಾನು ಬರದಿದ್ದಾಗ ಆ ಹುಡುಗಿ ಗ್ಯಾಲರಿಗೇ ಬಂದು ನನ್ನ ಹೆಸರು ಕೂಗಿದಳಂತೆ. ಅತ್ತೆ ಎದ್ದು ನಿಂತು “ಯೆಸ್” ಎಂದರಂತೆ.

ಕೆಫೆಯಲ್ಲಿ ಅತ್ತೆಗೆ ಬಿಸಿ ಚಾಕೊಲೇಟ್ ತಂದುಕೊಟ್ಟು ಎದುರು ಕೂತೆ.

“ಯಾಕತ್ತೆ ಯೆಸ್ ಅಂದ್ರಿ?”

“ಮತ್ತೆಂತ ಹೇಳುದು? ಟೀಚರಾಗಿ ನೀನೇ ಕ್ಲಾಸಿಗೆ ಚಕ್ಕರ್ ಅಂತ ಹೇಳ್ಲಿಕ್ಕೆ ಆಗ್ತದಾ? ಮರ್ಯಾದೆ ಪ್ರಶ್ನೆ.”

“ನನಗೆ ಒಂದು ಮಾತು ಹೇಳಬಹುದಿತ್ತಲ್ಲ.”

“ಯಾವಾಗ ಹೇಳುದು? ಟೈಮ್‌ಟೇಬಲಿನಲ್ಲಿ ರಜೆ.”

ನಾನು ತೆರೆದಿದ್ದ ನೋಟ್‌ಬುಕ್ ಮುಚ್ಚಿದೆ. “ಈಗ ಹೇಳಿ. ದೋಣಿಯಲ್ಲಿ ನೀರು ಬಂತು. ಇನ್‌ಸ್ಪೆಕ್ಟರು ಎದ್ದು ನಿಂತ್ರು. ಆಮೇಲೆ?”

ಅತ್ತೆ ಗಡಿಯಾರದ ಕಡೆ ನೋಡಲಿಲ್ಲ. ದೋಣಿಯವನು “ಕೂತ್ಕೊಳ್ಳಿ” ಎಂದು ಬೊಬ್ಬೆ ಹಾಕಿದನಂತೆ. ಇವರು ಊಟದ ಡಬ್ಬಿಯ ಅನ್ನವನ್ನು ಹೊಳೆಗೆ ಚೆಲ್ಲಿ, ಆ ಡಬ್ಬಿಯಿಂದಲೇ ನೀರು ಎತ್ತಿ ಎತ್ತಿ ಹೊರಗೆ ಹಾಕಿದರಂತೆ. ದೋಣಿಯಲ್ಲಿ ಮೂರು ಜನ ಮಕ್ಕಳೂ ಇದ್ದರು. ಹೇಗೋ ದಡ ಸೇರಿದರು. ಇನ್‌ಸ್ಪೆಕ್ಟರು ತಪಾಸಣೆಯನ್ನು ದಡದಲ್ಲೇ ಮುಗಿಸಿ, ಶಾಲೆ ಬಹಳ ಚೆನ್ನಾಗಿದೆ ಎಂದು ಬರೆದು ಬಸ್ಸಿನ ದಾರಿ ಕೇಳಿದರು.

ನಾವು ನಕ್ಕೆವು. ಅತ್ತೆ ನಗು ನಿಲ್ಲಿಸಿ, ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. “ಮಕ್ಕಳು ನನ್ನ ಸೆರಗು ಹಿಡ್ಕೊಂಡಿದ್ದವು. ಟೀಚರಿಗೆ ಈಜಲಿಕ್ಕೆ ಬರ್ತದೆ ಅಂತ ಅವಕ್ಕೆ ನಂಬಿಕೆ. ನನಗೆ ಬರುದಿಲ್ಲ ಅಂತ ನನಗೆ ಮಾತ್ರ ಗೊತ್ತು. ಆ ದಿನವೇ ಯೋಚನೆ ಮಾಡಿದೆ, ಬೇಸಿಗೆ ರಜೆಯಲ್ಲಿ ಕಲೀಬೇಕು ಅಂತ. ಆ ರಜೆಯಲ್ಲಿ ಸೆನ್ಸಸ್ ಡ್ಯೂಟಿ ಬಂತು. ಮತ್ತಿನ ವರ್ಷ ಇಲೆಕ್ಷನ್. ಮತ್ತೆ ಮಕ್ಕಳು, ಅವರ ಮದುವೆ, ಬಾಣಂತನ. ಇಪ್ಪತ್ತಾರು ವರ್ಷ ದೋಣಿಯಲ್ಲೇ ಹೋದೆ. ಒಂದು ದಿನವೂ ಹೆದರದೆ ಕೂತದ್ದಿಲ್ಲ.”

ನಾನು ನೋಟ್‌ಬುಕ್ಕುಗಳ ಕಟ್ಟನ್ನು ಬದಿಗೆ ಸರಿಸಿದೆ. ಅವರೇ ಒಂದು ನೋಟ್‌ಬುಕ್ ಎಳೆದುಕೊಂಡು ನಾನು ಹಸಿರು ಪೆನ್ನಿನಲ್ಲಿ ಬರೆದ ಟಿಪ್ಪಣಿಗಳನ್ನು ನೋಡಿದರು.

“ಇಷ್ಟೆಲ್ಲ ಬರೀತಿಯಲ್ಲ, ಮಕ್ಕಳು ಓದ್ತಾರಾ?”

ಸೋಮವಾರ ಇಯರ್ ಏಟ್, ಅಂದರೆ ಹನ್ನೆರಡು-ಹದಿಮೂರರ ಮಕ್ಕಳ ಕ್ಲಾಸಿನಲ್ಲಿ ಈ ಪ್ರಶ್ನೆಯನ್ನೇ ಕೇಳಿದೆ. ಮೂವತ್ತು ಮಕ್ಕಳಲ್ಲಿ ಎದ್ದದ್ದು ಎರಡು ಕೈ. ಅದರಲ್ಲಿ ಒಂದು ಟಾಯ್ಲೆಟ್ಟಿಗೆ ಹೋಗಲು. ಅಂದಿನಿಂದ, ಅತ್ತೆ ತಮ್ಮ ಶಾಲೆಯಲ್ಲಿ ಮಾಡುತ್ತಿದ್ದುದಾಗಿ ಹೇಳಿದ ಹಾಗೆ, ಮಕ್ಕಳು ಲೆಕ್ಕ ಮಾಡುವಾಗಲೇ ಸಾಲುಗಳ ನಡುವೆ ಓಡಾಡಿ, ತಪ್ಪಿನ ಪಕ್ಕ ಬೆರಳಿಟ್ಟು ಅಲ್ಲೇ ತಿದ್ದಿಸಲು ಶುರು ಮಾಡಿದೆ. ಎಲ್ಲ ನೋಟ್‌ಬುಕ್ಕೂ ಅದರಿಂದ ಮುಗಿಯಲಿಲ್ಲ. ಎರಡು ಚೀಲ ಒಂದಾಯಿತು. ನಮ್ಮ ವಿಭಾಗದ ಮುಖ್ಯಸ್ಥೆ ಬಂದು ನೋಡಿ, ಯಾವ ತರಬೇತಿಯಲ್ಲಿ ಕಲಿತೆ ಎಂದು ಕೇಳಿದಳು. ನಮ್ಮನೆಯಲ್ಲೇ ನಡೆಯಿತು ಎಂದೆ.

ಮುಂದಿನ ಶನಿವಾರ ಇಬ್ಬರೂ ಕೊಳಕ್ಕೆ ಇಳಿದೆವು. ಅತ್ತೆಗೆ ಬೇರೆ ಉಡುಪು ತಂದಾಗಿತ್ತು. ಕಲಿಸುವ ಹುಡುಗಿಗೆ ತಪ್ಪೊಪ್ಪಿಕೊಂಡೆ. ಅವಳು ಬಿದ್ದು ಬಿದ್ದು ನಕ್ಕು, ಪಟ್ಟಿಯಲ್ಲಿ ಅತ್ತೆಯ ನಿಜವಾದ ಹೆಸರನ್ನು ಸೇರಿಸಿಕೊಂಡಳು. ನಾನು ಸೊಂಟದ ಮಟ್ಟದ ನೀರಿನಲ್ಲಿ ಕಂಬಿ ಹಿಡಿದು ಕಂಬದಂತೆ ನಿಂತಿದ್ದೆ. ಅತ್ತೆ ಬಂದು ನನ್ನ ಗಲ್ಲದ ಕೆಳಗೆ ಕೈಯಿಟ್ಟರು.

“ಉಸಿರು ಬಿಡು ಮಾರಾಯ್ತಿ. ಹಿಡ್ಕೊಂಡು ಎಲ್ಲಿಗೆ ಕೊಂಡುಹೋಗ್ಲಿಕ್ಕೆ ಉಂಟು?”

ಊರಿಗೆ ಹೊರಡುವ ಮುಂಚಿನ ಶನಿವಾರ ಅತ್ತೆ ದೊಡ್ಡ ಕೊಳದ ಅಂಚಿನ ಸಾಲಿನಲ್ಲಿ ಈ ತುದಿಯಿಂದ ಆ ತುದಿಗೆ, ಇಪ್ಪತ್ತೈದು ಮೀಟರೂ ಈಜಿದರು. ಬೆನ್ನ ಮೇಲೆ ಮಲಗಿ, ಕಣ್ಣು ಸೂರಿನ ಕಡೆ ನೆಟ್ಟು, ನಿಧಾನಕ್ಕೆ. ಕ್ಲಾಸಿನ ಹೆಂಗಸರೆಲ್ಲ ಪಕ್ಕದಲ್ಲೇ ದಡದ ಮೇಲೆ ನಡೆದರು. ಮಗಳು “ಕಮಾನ್ ಅಜ್ಜಿ” ಎಂದು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಳು; ಕೊನೆಯ ಎರಡು ಮೀಟರಿಗೆ, ಯಾರೂ ಹೇಳಿಕೊಡದೆ ಕನ್ನಡದಲ್ಲೇ, “ಇನ್ನು ಸ್ವಲ್ಪ, ಇನ್ನು ಸ್ವಲ್ಪ” ಎಂದಳು. ಗೋಡೆಗೆ ಕೈ ತಾಗಿದಾಗ ಅತ್ತೆಗೆ ನಂಬಿಕೆಯೇ ಬರಲಿಲ್ಲ. ಇನ್ನೊಮ್ಮೆ ತಟ್ಟಿ ನೋಡಿದರು.

ನನಗೆ ಈಸ್ಟರಿಗೆ ಆದದ್ದು ಹನ್ನೊಂದು ಮೀಟರ್. ಉಳಿದದ್ದು ಜುಲೈನಲ್ಲಿ ಆಯಿತು, ನಡುವೆ ಒಮ್ಮೆ ಗೋಡೆ ಹಿಡಿದು. ಗೋಡೆ ಹಿಡಿದರೆ ಲೆಕ್ಕಕ್ಕಿಲ್ಲ ಎಂದು ಮಗಳ ತೀರ್ಪು. ಅತ್ತೆಗೆ ಫೋನ್ ಮಾಡಿ ನ್ಯಾಯ ಕೇಳಿದೆ. ಮಂಗಳೂರಿನಲ್ಲಿ ಬೆಳಿಗ್ಗೆಯೇ ಕೊಳಕ್ಕೆ ಹೋಗಿಬಂದವರು ಸಂಜೆಯ ಕಾಫಿಯ ಜೊತೆ ದೋಸೆ ತಿನ್ನುತ್ತಿದ್ದರು. ಅರ್ಧ ಮಾರ್ಕು ಕೊಡಬಹುದು ಎಂದರು.