ತಮ್ಮಯ್ಯ ಕೈ ಕೊಟ್ಟ ಕುಸ್ತಿ

ಪಾಂಡವಪುರದ ಆಚೆ, ಕಾಲುವೆ ಏರಿಯ ತೂಬುಗಳಿಗೆಲ್ಲ ಏಕಮಾತ್ರ ಚಕ್ರವರ್ತಿ ನೀರಗಂಟಿ ತಮ್ಮಯ್ಯ. ಸರದಿ ಮುಗಿದ ಗದ್ದೆಯ ತೂಬು ಮುಚ್ಚಿ ಕೆಳಗದ್ದೆಯವರಿಗೆ ನೀರು ಬಿಡುವುದೇ ಅವನ ರಾಜ್ಯಭಾರ. ತೊಂಬತ್ತನಾಲ್ಕರ ಒಂದು ಮಂಗಳವಾರ ಚಲುವರಾಜು ಎಂಬ ಆರಡಿಯ ರೈತ, ತನ್ನ ತೂಬು ಮುಚ್ಚಲು ಬಂದ ಈ ಚಕ್ರವರ್ತಿಯನ್ನು ಸೊಂಟ ಹಿಡಿದೆತ್ತಿ ಕಾಲುವೆಗೆ ಹಾಕಿದ. ಮುಂದಿನ ಮಂಗಳವಾರವೂ ಹಾಕಿದ. ಕೆಳಗದ್ದೆಯವರು ಇಲಾಖೆಗೆ ಅರ್ಜಿ ಕೊಟ್ಟರು. ಎರಡು ತಿಂಗಳೊಳಗೆ ಆ ತೂಬು ಮುಚ್ಚದಿದ್ದರೆ ಬೇರೆ ನೀರಗಂಟಿ ಬರುತ್ತಾನೆಂದು ಮೇಲಿಂದ ಉತ್ತರವೂ ಬಂತು.

ಹೀಗಾಗಿ ನಲವತ್ತೆರಡನೇ ವಯಸ್ಸಿನಲ್ಲಿ, ಮಂಡಿನೋವಿನ ಸಮೇತ, ತಮ್ಮಯ್ಯ ಯುದ್ಧವಿದ್ಯೆಗೆ ಹೊರಟ.

ಮೊದಲು ಕರಾಟೆ. ಶಾಲೆಯ ಬಯಲಿನಲ್ಲಿ ಕಲಿಸುತ್ತಿದ್ದ ಗುರು ಸಂತೋಷ್‌ಗೆ ಇವನ ಅರ್ಧ ವಯಸ್ಸು.

"ಅಂಕಲ್, ಕಾಲು ಎದುರಾಳಿ ಎದೆಮಟ್ಟ ಬರ್ಬೇಕು."

"ಆರಡಿ ಅವ್ನೆ ಕಣಪ್ಪ. ಅವ್ನು ಕುಂತಿದ್ದಾಗ ಒದೀಬೌದಾ?"

ಮೂರು ವಾರಕ್ಕೆ ಕಾಲು ಸೊಂಟದವರೆಗೆ ಎದ್ದಿತು. ಇಳಿಯುವುದಕ್ಕೆ ಮಾತ್ರ ಇಬ್ಬರ ಸಹಾಯ ಬೇಕಾಯಿತು. ಅದೂ ಅಲ್ಲದೆ ಏರಿಯ ಜಾರು ಮಣ್ಣಿನಲ್ಲಿ ಒಂದು ಕಾಲೆತ್ತಿದರೆ ಚಲುವರಾಜುವಿಗೆ ಎತ್ತಿ ಹಾಕುವ ಶ್ರಮವೂ ತಪ್ಪುತ್ತಿತ್ತು.

ಆಮೇಲೆ ಬಸ್ಸು ಹತ್ತಿ ಗಂಜಾಂನ ಗರಡಿಗೆ ಹೋದ. ಅಲ್ಲಿನ ಉಸ್ತಾದ್ ಅಬ್ದುಲ್ ವಾಹಿದ್ ಹೇಳಿದ: "ಇಲ್ಲಿ ಒದೆಯೋದಿಲ್ಲ ಭಾಯ್. ಮೊದ್ಲು ಕೈ ಕೊಡ್ಬೇಕು, ಆಮೇಲೆ ಮೈ ಮುಟ್ಬೇಕು."

"ಅವ್ನು ಕೈ ಕೊಡಾಕಿಲ್ಲ ಉಸ್ತಾದ್. ಸೀದಾ ಸೊಂಟಕ್ಕೇ ಬತ್ತಾನೆ."

"ತೌಬಾ. ಅದು ಕುಸ್ತಿನೇ ಅಲ್ಲ."

ಭಾನುವಾರ ಕರಾಟೆ, ಉಳಿದ ದಿನ ಗರಡಿ. ಹೆಂಡತಿ ಯಶೋದಮ್ಮ ಎಣ್ಣೆ ಬಟ್ಟಲು ಹಿಡಿದು ನಿಟ್ಟುಸಿರಿಟ್ಟಳು. "ಯಾವ್ದಾರ ಒಂದು ವಿದ್ಯೆ ಹಿಡೀರಿ. ಒಂದಕ್ಕೆ ತೊಡೆ ನೋಯ್ತದೆ, ಇನ್ನೊಂದಕ್ಕೆ ಬೆನ್ನು. ನಾನು ಎತ್ಲಾಗೆ ಅಂತ ತಿಕ್ಲಿ?"

ಯಾವುದೆಂದು ತಮ್ಮಯ್ಯನಿಗೂ ತಿಳಿಯಲಿಲ್ಲ. ತೀರ್ಮಾನವನ್ನು ಅವನ ಬಲಗೈಯೇ ಮಾಡಿತು. ಅಂದು ಗರಡಿಯಲ್ಲಿ ಜೋಡಿ ಕಟ್ಟುವ ದಿನ. ಹತ್ತು ಜನರೆದುರು ಇಬ್ಬರು ಕೈ ಹಿಡಿದರೆ ಅವರಿಬ್ಬರಿಗೂ ಕುಸ್ತಿ ಗೊತ್ತಾದಂತೆ, ಹಿಂದೆಗೆದವನಿಗೆ ಮರ್ಯಾದೆಯಿಲ್ಲ. ನೋಡಲು ಬಂದಿದ್ದ ಚಲುವರಾಜು, "ಏನ್ಲಾ ತಮ್ಮಯ್ಯ, ಪೈಲ್ವಾನ್ ಆಗ್ಬುಟ್ಯಾ?" ಎಂದು ಗೇಲಿಗೆ ಕೈ ಚಾಚಿದ. ಅಭ್ಯಾಸಬಲದಿಂದ ತಮ್ಮಯ್ಯ ಹಿಡಿದುಬಿಟ್ಟ. ತಮಟೆ ಬಾರಿಸಿದರು. ಇಬ್ಬರ ಮುಖವೂ ಒಟ್ಟಿಗೇ ಬಿಳಿಚಿಕೊಂಡಿತು.

ಎಂಟನೇ ದಿನ ಅಖಾಡದ ಕೆಮ್ಮಣ್ಣಿನಲ್ಲಿ ಮಹಾಯುದ್ಧ ನಡೆಯಿತು. ಹತ್ತು ನಿಮಿಷಕ್ಕೆ ಆರಡಿಯ ಚಲುವರಾಜು ತಿದಿಯಂತೆ ಏದುಸಿರು ಬಿಡುತ್ತಿದ್ದ. ತಮ್ಮಯ್ಯ ಅವನ ಕುತ್ತಿಗೆಗೆ ಜೋತುಬಿದ್ದಿದ್ದ. ಅದು ಪಟ್ಟಲ್ಲ, ಆಸರೆ.

"ನೀನೇ ಬಿದ್ಬುಡು ಕಣ್ಲಾ," ಚಲುವರಾಜು ಕಿವಿಯಲ್ಲಿ ಉಸುರಿದ. "ಊರೋರೆಲ್ಲ ನೋಡ್ತಾವ್ರೆ."

"ಮಂಗ್ಳಾರ ತೂಬು ಮುಚ್ಲಾ?"

"ಮುಚ್ಕೊ."

"ಎಲ್ಲಾ ಮಂಗ್ಳಾರನೂವೆ?"

"ಲೇ, ಉಸುರು ನಿಂತೋಗ್ತದೆ. ಮುಚ್ಕಳ್ಲಾ."

ತಮ್ಮಯ್ಯ ನಿಧಾನವಾಗಿ, ಎರಡು ಭುಜವೂ ಮಣ್ಣಿಗೆ ತಾಗಿ ಸೋಲು ಖಚಿತವಾಗುವಂತೆ ಮಲಗಿದ. ಮಣ್ಣು ತಣ್ಣಗಿತ್ತು. ಉಸ್ತಾದ್ ಬಂದು ಎಬ್ಬಿಸಿದರೂ ಸ್ವಲ್ಪ ಹೊತ್ತು ಹಾಗೇ ಇದ್ದ.

ಮಂಗಳವಾರ ಅವನು ತೂಬು ಮುಚ್ಚುವಾಗ ಚಲುವರಾಜು ಪಕ್ಕದಲ್ಲೇ ನಿಂತು, ತಾನು ಹಾಕಿದ ಪಟ್ಟನ್ನು ಕೆಳಗದ್ದೆಯವರಿಗೆ ಕೈಯಾಡಿಸಿ ವಿವರಿಸುತ್ತಿದ್ದ.

"ಅಂಗೇ ಅಲ್ವೇನ್ಲಾ, ತಮ್ಮಯ್ಯ?"

"ಊಂ ಕಣ್ಲಾ," ಎಂದು ತಮ್ಮಯ್ಯ ಮುಂದಿನ ತೂಬಿನ ಕಡೆಗೆ ಕುಂಟಿದ.