ಕಡ್ಡಿಯಿಂದ ಉದುರಿದ ವರ

ನಾನು ಮಧುಗಿರಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಮಾಡುತ್ತೇನೆ. ಮೊದಲ ಅಧ್ಯಾಯದಲ್ಲೇ ಅಮೆರಿಕದ ಒಬ್ಬ ಎಂಜಿನಿಯರ್ ಬರುತ್ತಾನೆ. ರೈಲಿನ ಕಂಡಕ್ಟರು ಪ್ರಯಾಣಿಕರ ಕೂದಲು, ಕಣ್ಣಿನ ಬಣ್ಣವನ್ನೆಲ್ಲ ಟಿಕೆಟ್ಟಿಗೆ ತೂತು ಹೊಡೆದು ಗುರುತು ಮಾಡುವುದನ್ನು ನೋಡಿ, ಇಡೀ ದೇಶದ ಜನರನ್ನೇ ಹೀಗೆ ರಟ್ಟಿನ ತೂತುಗಳಾಗಿಸಬಹುದು ಅಂದುಕೊಂಡವನು. ಅವನ ಯಂತ್ರದಲ್ಲಿ ತೂತಿದ್ದ ಕಡೆ ಸೂಜಿ ಇಳಿದು ಪಾದರಸ ಮುಟ್ಟುತ್ತಿತ್ತು, ಕರೆಂಟು ಹರಿದು ಎಣಿಕೆಯ ಗಡಿಯಾರದ ಮುಳ್ಳು ಒಂದು ಮನೆ ಮುಂದೆ ಸರಿಯುತ್ತಿತ್ತು. ಜನಗಣತಿಯ ಲೆಕ್ಕ ಬೇಗ ಮುಗಿಯಿತು. ಮಕ್ಕಳು ಇದನ್ನು ಎರಡು ಮಾರ್ಕಿಗೆ ಓದುತ್ತಾರೆ.

ಹೋದ ಬೇಸಿಗೆಯಲ್ಲಿ ಕೊಡಿಗೇನಹಳ್ಳಿಯ ಚಿಕ್ಕಮ್ಮನ ಮನೆಯಲ್ಲಿ ಕೂತು ಪಾಠಕ್ಕೊಂದು ಮಾದರಿ ಮಾಡುತ್ತಿದ್ದೆ. ಪಾದರಸ ಇರಲಿಲ್ಲ. ಸ್ವೆಟರ್ ಹೆಣೆಯುವ ಕಡ್ಡಿ ಇತ್ತು. ಹಳೇ ಲಗ್ನಪತ್ರಿಕೆಗಳ ಅಂಚಿಗೆ ಸಾಲಾಗಿ ತೂತು. ಒಂದೊಂದು ಪತ್ರಿಕೆ ಒಬ್ಬೊಬ್ಬ ಮನುಷ್ಯ, ಒಂದೊಂದು ತೂತಿಗೆ ಒಂದೊಂದು ಗುಣ. ಗುಣ ಇದ್ದರೆ ಆ ತೂತನ್ನು ಅಂಚಿನವರೆಗೆ ಕತ್ತರಿಸಬೇಕು. ಕಾರ್ಡುಗಳ ಕಟ್ಟಿನೊಳಗೆ ಕಡ್ಡಿ ತೂರಿಸಿ ಎತ್ತಿದರೆ ಗುಣ ಇದ್ದವರು ಉದುರುತ್ತಾರೆ, ಇಲ್ಲದವರು ನೇತಾಡುತ್ತಾರೆ.

ಚಿಕ್ಕಮ್ಮ ಕಡಲೆಕಾಯಿ ಸುಲಿಯುತ್ತಾ ನಾನು ವಿವರಿಸಿದ್ದನ್ನೆಲ್ಲ ಕೇಳಿಸಿಕೊಂಡಳು.

"ಇದ್ರಾಗೆ ಗಂಡು ಹುಡುಕ್ಬೋದೇನೇ?"

ಅವಳ ಮಗಳು ಪಾವಗಡದಲ್ಲಿ ನರ್ಸು, ರಜೆಗೆ ಬಂದಿದ್ದಳು. ಬಂದ ಸಂಬಂಧಗಳನ್ನೆಲ್ಲ ಬೇಡ ಅನ್ನುತ್ತಿದ್ದವಳು ಅವತ್ತು ತಾನಾಗಿ ಕತ್ತರಿ ಹಿಡಿದು ಕೂತಳು. ಮದುವೆ ದಲ್ಲಾಳಿ ಹೊಸದಾಗಿ ಕೊಟ್ಟ ಪಟ್ಟಿಯ ಒಬ್ಬೊಬ್ಬ ವರನಿಗೂ ಒಂದೊಂದು ಕಾರ್ಡು. ಷರತ್ತುಗಳು ಚಿಕ್ಕಮ್ಮನವು: ಸಂಬಳದ ಕೆಲಸ, ಕುಡಿಯಬಾರದು, ಸ್ವಂತ ಮನೆ, ಮನೆಯಲ್ಲಿ ಕನ್ನಡ ಮಾತು.

ನಾನು ಒಂದೊಂದೇ ತೂತಿಗೆ ಕಡ್ಡಿ ಹಾಕಿ ಎತ್ತಿದೆ, ಉದುರಿದವನ್ನಷ್ಟೇ ಮತ್ತೆ ಜೋಡಿಸಿ ಮುಂದಿನ ತೂತಿಗೆ ಹೋದೆ. ಕೊನೆಗೆ ಚಾಪೆಯ ಮೇಲೆ ಒಂದೇ ಕಾರ್ಡು ಬಿತ್ತು. ಪಾವಗಡದಾಚೆ ಆಂಧ್ರದ ಗಡಿಗಂಟಿದ ರಾಯಚರ್ಲು ಕಡೆಯ ಹುಡುಗ, ಸೋಲಾರ್ ಪಾರ್ಕಿನಲ್ಲಿ ಕೆಲಸ.

"ಅವ್ರ ಮನ್ಯಾಗೆ ತೆಲುಗು ಕಣೇ! ಇವ್ನು ಹೆಂಗೆ ಬಿದ್ದ?" ಅಂದಳು ಚಿಕ್ಕಮ್ಮ.

ಕಾರ್ಡು ತಿರುಗಿಸಿ ನೋಡಿದೆ. ಕನ್ನಡದ ತೂತೂ ಅಂಚಿನವರೆಗೆ ನೀಟಾಗಿ ಕತ್ತರಿಸಿತ್ತು. ಯಂತ್ರದ ತಪ್ಪಿಲ್ಲ ಅಂದೆ.

ಚಿಕ್ಕಮ್ಮ ಮಗಳ ಮುಖ ನೋಡಿದಳು. "ಅವ್ನು ಮೊದ್ಲೇ ಗೊತ್ತಾ ನಿಂಗೆ?"

"ಹೂಂ. ಕೈಗೆ ಪೆಟ್ಟು ಮಾಡ್ಕಂಡು ಆಸ್ಪತ್ರೆಗೆ ಬಂದಿದ್ದ. ವಾಸಿ ಆದ್ಮೇಲೂ ಬತ್ತಿದ್ದ."

"ಬಾಯ್ಬುಟ್ಟು ಹೇಳಕ್ಕೇನಾಗಿತ್ತು?"

"ನನ್ನೆಲ್ಲಿ ಕೇಳ್ದೆ ನೀನು? ಕಡ್ಡೀನ ಕೇಳ್ದೆ."

ಚಿಕ್ಕಮ್ಮ ಎರಡು ದಿನ ಅವಳನ್ನು ಮಾತಾಡಿಸಲಿಲ್ಲ. ಮೂರನೆಯ ದಿನ, ಹುಡುಗನನ್ನು ನೋಡಿಯಾದರೂ ಬರೋಣ ಅಂತ ತಾನೇ ನಮ್ಮಿಬ್ಬರನ್ನೂ ಬಸ್ಸು ಹತ್ತಿಸಿದಳು. ಶ್ರಾವಣದಲ್ಲಿ ಮದುವೆಯಾಯಿತು. ಈಗ ಬೀಗಿತ್ತಿಯರು ಸಂಜೆಯಾದರೆ ಫೋನು ಹಚ್ಚಿ ಕೂರುತ್ತಾರೆ. ಇವಳು ಕನ್ನಡದಲ್ಲಿ, ಅವರು ತೆಲುಗಿನಲ್ಲಿ. ಇಬ್ಬರೂ ಒಟ್ಟಿಗೇ ಮಾತಾಡುವುದರಿಂದ ಭಾಷೆ ತೊಡಕಾಗಿಲ್ಲ.